ಮಾಯದ ಪಾದದ ಹುಣ್ಣಿಗೆ ಲೇಸರ್ ಬೆಳಕು: ಯಾವಾಗ, ಎಷ್ಟು, ಹೇಗೆ

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಶುಗರ್ ಬಂದು 14 ವರ್ಷ ಆಯಿತು. ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳ ಬುಡದ ಉಬ್ಬಿನ ಕೆಳಗೆ, ಮೂರು ತಿಂಗಳಿಂದ ಒಂದು ಹುಣ್ಣು ಮಾಯುತ್ತಿಲ್ಲ. ಸುಮಾರು 3 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲ ಇದೆ. ದಿನಾ ಡ್ರೆಸ್ಸಿಂಗ್ ಆಗುತ್ತಿದೆ. ನೋವೇ ಇಲ್ಲ ಅನ್ನುತ್ತಾರೆ, ಮನೆಯೊಳಗೆ ಓಡಾಡಿಕೊಂಡಿದ್ದಾರೆ. ಒಂದು ಕ್ಲಿನಿಕ್‌ನಲ್ಲಿ 20 ಸಿಟ್ಟಿಂಗ್ ಲೇಸರ್ ಕೊಟ್ಟರೆ ಮಾಯುತ್ತದೆ ಎಂದಿದ್ದಾರೆ. ಲೇಸರ್ ಅಂದರೆ ಸುಡುವುದಿಲ್ಲವೇ? ನಿಜಕ್ಕೂ ಗಾಯ ಕೂಡುತ್ತದೆಯೇ? ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಕೆಂಪು ಲೇಸರ್ ಸಾಧನ ತರಿಸಿ ಮನೆಯಲ್ಲೇ ಹಿಡಿಯಬಹುದೇ?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಲೇಸರ್‌ಗಿಂತ ಮೊದಲು ಕಣ್ಣಿಗೆ ಬೀಳುವುದು ಎರಡು ಮಾತು: ‘ನೋವೇ ಇಲ್ಲ’ ಮತ್ತು ‘ಮನೆಯೊಳಗೆ ಓಡಾಡಿಕೊಂಡಿದ್ದಾರೆ’. ಅಂಗಾಲಲ್ಲಿ ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹುಣ್ಣು ಇಟ್ಟುಕೊಂಡು ನೋವಿಲ್ಲದೆ ನಡೆಯಲು ಆಗುತ್ತದೆ ಎಂದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿವೆ ಎಂದರ್ಥ. ಹಾಗಾದಾಗ ಬಚ್ಚಲಿಗೆ, ಅಡುಗೆಮನೆಗೆ, ಬಾಗಿಲಿಗೆ ಇಡುವ ಪ್ರತಿ ಹೆಜ್ಜೆಯೂ ಹೊಸದಾಗಿ ಹುಟ್ಟಿದ ಮಾಂಸವನ್ನು ಅರೆಯುತ್ತಿರುತ್ತದೆ. ಎಂಟು ನಿಮಿಷ ಬೆಳಕು ಕೊಟ್ಟು, ಉಳಿದ ಹೊತ್ತೆಲ್ಲ ಅದರ ಮೇಲೇ ನಡೆದರೆ ಯಾವ ಲೇಸರ್ ಕೂಡ ಆ ಗಾಯವನ್ನು ಕೂಡಿಸಲಾರದು. ಲೇಸರ್ ಬೇಡ ಎಂದು ಹೇಳುತ್ತಿಲ್ಲ. ಅದು ಯಾವ ಸರದಿಯಲ್ಲಿ ಬರಬೇಕು, ಬಂದಾಗ ಎಷ್ಟು ಪ್ರಮಾಣದಲ್ಲಿ ಕೊಡಬೇಕು ಎಂಬುದನ್ನು ನೀವು ತಿಳಿದುಕೊಂಡರೆ ಆ ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.

ಇದು ಸುಡುವ ಲೇಸರ್ ಅಲ್ಲ

ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯಲು, ಸುಡಲು ಬಳಸುವ ಲೇಸರ್‌ನಲ್ಲಿ ಹಲವು ವ್ಯಾಟ್ ಶಕ್ತಿಯನ್ನು ಒಂದು ಚುಕ್ಕೆಗೆ ಕೂಡಿಸುತ್ತಾರೆ. ಗಾಯ ಮಾಯಿಸಲು ಬಳಸುವ ಕಡಿಮೆ ಮಟ್ಟದ ಲೇಸರ್‌ನ ಶಕ್ತಿ ಸಾಮಾನ್ಯವಾಗಿ 5ರಿಂದ 500 ಮಿಲಿವ್ಯಾಟ್. ಸರಿಯಾಗಿ ಬಳಸಿದರೆ ಚರ್ಮಕ್ಕೆ ಬೆಚ್ಚಗೆ ಕೂಡ ಅನ್ನಿಸುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಬಿಸಿಯಲ್ಲ, ಬೆಳಕು. ಈಗ ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ‘ಫೋಟೊಬಯೊಮಾಡ್ಯುಲೇಷನ್’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಶುರುವಾದದ್ದು 1967ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಇಲಿಗಳ ಬೆನ್ನಿನ ಕೂದಲು ಬೋಳಿಸಿ ರೂಬಿ ಲೇಸರ್ ಬಿಟ್ಟರು. ಕ್ಯಾನ್ಸರ್ ಬರಲಿಲ್ಲ. ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಅಲ್ಲಿಂದ ಅವರು ಮಾಯದ ಹುಣ್ಣುಗಳ ಕಡೆಗೆ ಹೊರಳಿದರು.

ಬೆಳಕು ಜೀವಕೋಶದೊಳಗೆ ಏನು ಮಾಡುತ್ತದೆ? ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ನಾವು ಉಸಿರಾಡುವ ಆಮ್ಲಜನಕ ಕೊನೆಗೆ ಬಳಕೆಯಾಗುವುದು ಇಲ್ಲೇ. ಈ ಕಿಣ್ವ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹೀರಿಕೊಳ್ಳುತ್ತದೆ. ದಣಿದ ಜೀವಕೋಶದಲ್ಲಿ ಇದಕ್ಕೆ ನೈಟ್ರಿಕ್ ಆಕ್ಸೈಡ್ ಅಂಟಿಕೊಂಡು ಕೆಲಸ ನಿಧಾನವಾಗಿರುತ್ತದೆ, ಬೆಳಕು ಬಿದ್ದಾಗ ಅದು ಕಳಚಿಕೊಳ್ಳುತ್ತದೆ. ಆಗ ಜೀವಕೋಶದ ಇಂಧನವಾದ ಎಟಿಪಿ ಹೆಚ್ಚು ತಯಾರಾಗುತ್ತದೆ, ಬಿಡುಗಡೆಯಾದ ನೈಟ್ರಿಕ್ ಆಕ್ಸೈಡ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕೊಲ್ಯಾಜನ್ ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು ಚುರುಕಾಗುತ್ತವೆ, ಅಂಚಿನ ಚರ್ಮದ ಕೋಶಗಳು ಗಾಯದ ನಡುವಿಗೆ ಸರಿಯುತ್ತವೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಬೆಳಕು ಬದುಕಿರುವ ಕೋಶವನ್ನು ಚುರುಕುಗೊಳಿಸಬಲ್ಲದೇ ಹೊರತು ಸತ್ತ ಕೋಶವನ್ನು ಎಬ್ಬಿಸಲಾರದು. ರಕ್ತ ಬಾರದ ಕಡೆಗೆ ರಕ್ತ ತರಲಾರದು. ಮೂಳೆಯಲ್ಲಿ ಕುಳಿತ ಕೀವನ್ನು ತೆಗೆಯಲಾರದು. ಹಾಗಾಗಿ ಮುಂದಿನ ಭಾಗ ಲೇಸರ್‌ನದಲ್ಲ, ಆದರೆ ನಿಮ್ಮ ತಂದೆಯವರಿಗೆ ಅದೇ ಮುಖ್ಯ.

ಲೇಸರ್ ಕೋಣೆಗೆ ಹೋಗುವ ಮೊದಲು

ರಕ್ತ ಸಂಚಾರವನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಇದು 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ. 1.3ಕ್ಕಿಂತ ಹೆಚ್ಚು ಬಂದರೆ ‘ರಕ್ತ ಚೆನ್ನಾಗಿದೆ’ ಎಂದು ಸಮಾಧಾನಪಡಬೇಡಿ. ಬಹಳ ವರ್ಷದ ಶುಗರ್‌ನಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಅದು ಪೈಪಿನಂತೆ ಗಟ್ಟಿಯಾಗುತ್ತದೆ, ಬಿ.ಪಿ. ಪಟ್ಟಿ ಅದನ್ನು ಅದುಮಲಾಗದೆ ಸುಳ್ಳು ಅಂಕಿ ತೋರಿಸುತ್ತದೆ. ಆಗ ಕಾಲ್ಬೆರಳಿನ ಒತ್ತಡ ನೋಡಬೇಕು. ಅದು 30 ಮಿ.ಮೀ. ಪಾದರಸಕ್ಕಿಂತ ಕಡಿಮೆ ಇದ್ದರೆ ರಕ್ತನಾಳದ ಸರ್ಜನ್ ಬಳಿಗೆ ತಡಮಾಡದೆ ಹೋಗಬೇಕು.

ಎರಡನೆಯದು ಸೋಂಕು ಮತ್ತು ಮೂಳೆ. ಮೂರು ತಿಂಗಳ ಹುಣ್ಣಿನಲ್ಲಿ ವೈದ್ಯರು ಶುದ್ಧೀಕರಿಸಿದ ಲೋಹದ ಸಲಾಕೆಯಿಂದ ತಳವನ್ನು ಮೆಲ್ಲಗೆ ತಟ್ಟಿ ನೋಡುತ್ತಾರೆ. ಕಲ್ಲಿಗೆ ತಗುಲಿದಂತೆ ಟಕ್ಕೆಂದರೆ ಮೂಳೆಗೆ ಸೋಂಕು ತಗುಲಿರುವ ಶಂಕೆ ಬಲವಾಗುತ್ತದೆ. ಎಕ್ಸ್‌ರೇ ಕೂಡ ಬೇಕು. ಆದರೆ ಮೂಳೆಯ ಸೋಂಕು ಎಕ್ಸ್‌ರೇಯಲ್ಲಿ ಕಾಣಿಸಲು ಎರಡು ಮೂರು ವಾರ ಹಿಡಿಯುವುದುಂಟು, ಆದ್ದರಿಂದ ಒಂದು ಸಲ ಸರಿ ಬಂದಿತೆಂದು ಕೈಬಿಡುವಂತಿಲ್ಲ. ಸುತ್ತ ಕೆಂಪು, ಊತ, ಕೀವು, ದುರ್ವಾಸನೆ ಇರುವ ಗಾಯಕ್ಕೆ ಮೊದಲು ಸೋಂಕಿನ ಚಿಕಿತ್ಸೆ ಆಗಬೇಕು. ಕೆಲವು ತರಂಗಾಂತರದ ಬೆಳಕಿನಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೂಡ ಚೆನ್ನಾಗಿ ಬೆಳೆದದ್ದುಂಟು.

ಮೂರನೆಯದು ಪಾದದ ಮೇಲಿನ ಭಾರ ಇಳಿಸುವುದು. ಅಂಗಾಲಿನ ಹುಣ್ಣಿಗೆ ಇದಕ್ಕಿಂತ ದೊಡ್ಡ ಔಷಧಿ ಇಲ್ಲ. ಸೋಂಕು ಇಲ್ಲದೆ, ರಕ್ತ ಸಂಚಾರ ಚೆನ್ನಾಗಿದ್ದರೆ ಮೊಣಕಾಲಿನ ಕೆಳಗಿನವರೆಗೆ ಪಾದಕ್ಕೆ ಅಂಟಿಕೊಂಡಂತೆ ಕೂರುವ ‘ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್’ ಎಂಬ ಪ್ಲಾಸ್ಟರ್ ಕಟ್ಟು ಹಾಕುತ್ತಾರೆ, ಭಾರ ಒಂದೇ ಕಡೆ ಬೀಳದೆ ಇಡೀ ಅಂಗಾಲಿಗೂ ಮೀನಖಂಡಕ್ಕೂ ಹಂಚಿಹೋಗುತ್ತದೆ. ಇದರಲ್ಲಿ ಒಂದು ತೊಡಕಿದೆ. ಕಾಸ್ಟ್ ಹಾಕಿದ ಕಾಲಿಗೆ ದಿನ ಬಿಟ್ಟು ದಿನ ಲೇಸರ್ ಹಿಡಿಯಲಾಗದು. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಕಾಸ್ಟ್ ಆರಿಸಿಕೊಳ್ಳಿ. ಎರಡೂ ಬೇಕೆಂದಾದರೆ ಬಿಚ್ಚಿ ಹಾಕಬಹುದಾದ ಬೂಟು ಬರುತ್ತದೆ, ಆದರೆ ಬಿಚ್ಚಲು ಬರುವ ಬೂಟನ್ನು ಮನೆಯೊಳಗೆ ಬಿಚ್ಚಿಡುವವರೇ ಹೆಚ್ಚು. ರಾತ್ರಿ ಮೂತ್ರಕ್ಕೆ ಎದ್ದಾಗಲೂ ಅದು ಕಾಲಲ್ಲಿರಬೇಕು.

ನಾಲ್ಕನೆಯದು ಹುಣ್ಣಿನ ಸುತ್ತ ದಡ್ಡುಗಟ್ಟಿದ ಚರ್ಮ. ಬಿಳಿಚಿಕೊಂಡು ಆಣಿಯಂತೆ ಗಟ್ಟಿಯಾದ ಆ ಅಂಚು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಒತ್ತುತ್ತದೆ, ಹೊಸ ಚರ್ಮ ಒಳಗೆ ಸರಿಯದಂತೆ ತಡೆಯುತ್ತದೆ, ಬೆಳಕನ್ನೂ ಚದುರಿಸುತ್ತದೆ. ಅದನ್ನು ಬ್ಲೇಡಿನಿಂದ ಹೆರೆದು ತೆಗೆಯುವುದು ಪಾದದ ಗಾಯ ನೋಡುವ ವೈದ್ಯರ ಕೆಲಸ. ಮನೆಯಲ್ಲಿ ಕತ್ತರಿ, ಬ್ಲೇಡು ಹಿಡಿಯಬೇಡಿ, ಆಣಿ ಕರಗಿಸುವ ಪ್ಲಾಸ್ಟರ್ ಅಂಟಿಸಬೇಡಿ.

ಸಕ್ಕರೆ ಹತೋಟಿಯ ಮಾತು ನಿಮಗೆ ಎಲ್ಲರೂ ಹೇಳಿರುತ್ತಾರೆ. ಊಟದ ಬಗ್ಗೆ ಒಂದೇ ಮಾತು: ಶುಗರ್ ಎಂದು ಊಟ ಬಿಟ್ಟುಬಿಟ್ಟವರಲ್ಲಿ ಗಾಯ ಮಾಯುವುದಿಲ್ಲ. ಮೂತ್ರಪಿಂಡ ಚೆನ್ನಾಗಿದ್ದರೆ 60 ಕಿಲೊ ತೂಕದವರಿಗೆ ದಿನಕ್ಕೆ 75ರಿಂದ 90 ಗ್ರಾಂ ಪ್ರೊಟೀನ್ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಲೆಕ್ಕ ಹಾಕಿ ನೋಡಿ. ಮೂತ್ರಪಿಂಡದ ತೊಂದರೆ ಇದ್ದರೆ ಈ ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಬೇಕು.

ಸಾಕ್ಷ್ಯ ಎಷ್ಟಿದೆ?

ಕಡಿಮೆ ಮಟ್ಟದ ಲೇಸರ್‌ಗೆ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಪಾದದ ಹುಣ್ಣಿನಲ್ಲಲ್ಲ, ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯಲ್ಲಿ ಏಳುವ ಹುಣ್ಣಿನಲ್ಲಿ. ಅದಕ್ಕೆ ಚಿಕಿತ್ಸೆಗಳನ್ನು ತೂಗಿ ನೋಡುವ ಬ್ರಿಟನ್‌ನ ನೈಸ್ ಸಂಸ್ಥೆ 2018ರಲ್ಲಿ ಬಳಕೆಯ ಮಾರ್ಗದರ್ಶಿ ಕೊಟ್ಟಿತು. ನಮ್ಮ ಮಣಿಪಾಲದಲ್ಲಿ ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಪಡೆಯುವವರ ಬಾಯಿಹುಣ್ಣಿಗೆ ಹೀಲಿಯಂ ನಿಯಾನ್ ಲೇಸರ್ ಕೊಟ್ಟು ನಡೆಸಿದ ಅಧ್ಯಯನ 2006ರಲ್ಲೇ ಪ್ರಕಟವಾಗಿದೆ. ಮಧುಮೇಹ ಬರಿಸಿದ ಇಲಿಗಳ ಗಾಯದ ಮೇಲೂ ಅಲ್ಲಿ ಪ್ರಯೋಗಗಳು ನಡೆದಿವೆ.

ನಿಮ್ಮ ತಂದೆಯವರ ಹುಣ್ಣಿಗೆ ನೇರ ಸಂಬಂಧಿಸಿದ್ದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಅಧ್ಯಯನ, ಪ್ರಕಟವಾದದ್ದು 2012ರಲ್ಲಿ. ಮಧುಮೇಹದ ಪಾದದ ಹುಣ್ಣಿದ್ದ 68 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಚದರ ಸೆಂ.ಮೀ.ಗೆ 2ರಿಂದ 4 ಜೂಲ್ ಲೇಸರ್ ಕೊಟ್ಟರು. 15 ದಿನಗಳಲ್ಲಿ ಲೇಸರ್ ಪಡೆದವರ ಹುಣ್ಣು ಸರಾಸರಿ ಶೇ 40ರಷ್ಟು ಕುಗ್ಗಿತು, ಇನ್ನೊಂದು ಗುಂಪಿನಲ್ಲಿ ಶೇ 12ರಷ್ಟು. ಒಳ್ಳೆಯ ವ್ಯತ್ಯಾಸವೇ. ಆದರೆ ಅಲ್ಲಿ ಆರಿಸಿಕೊಂಡಿದ್ದು ಆಳಕ್ಕೆ ಇಳಿಯದ, ಸೋಂಕಿಲ್ಲದ ಹುಣ್ಣುಗಳನ್ನು. ನೋಡಿದ್ದು 15 ದಿನ ಮಾತ್ರ. ಕುಗ್ಗುವುದು ಬೇರೆ, ಪೂರ್ತಿ ಮುಚ್ಚಿ ಮತ್ತೆ ತೆರೆಯದೆ ಉಳಿಯುವುದು ಬೇರೆ. ಈ ಬಗೆಯ ಅಧ್ಯಯನಗಳು ಹಲವು ಇವೆ, ಬಹುತೇಕ ಸಣ್ಣವು, ಒಂದೊಂದರಲ್ಲೂ ಪ್ರಮಾಣ ಬೇರೆ ಬೇರೆ. ಅದಕ್ಕೇ ಮಧುಮೇಹದ ಪಾದದ ಕುರಿತ ಅಂತರರಾಷ್ಟ್ರೀಯ ತಜ್ಞರ ತಂಡದ 2023ರ ಮಾರ್ಗದರ್ಶಿಯಲ್ಲಿ ಇದಕ್ಕೆ ಮಾಮೂಲಿ ಚಿಕಿತ್ಸೆಯ ಸ್ಥಾನ ಸಿಕ್ಕಿಲ್ಲ. ಮೇಲೆ ಹೇಳಿದ ನಾಲ್ಕೂ ಸರಿಯಾಗಿದ್ದು, ಆಮೇಲೂ ಹುಣ್ಣು ನಿಧಾನವಾಗಿದ್ದರೆ ಜೊತೆಗೆ ಸೇರಿಸಿ ನೋಡಬಹುದಾದ ಚಿಕಿತ್ಸೆ ಇದು. ‘20 ಸಿಟ್ಟಿಂಗ್‌ಗೆ ಮಾಯುತ್ತದೆ’ ಎಂದು ಗಾಯವನ್ನು ಅಳೆಯುವ ಮೊದಲೇ ಮಾತು ಕೊಡುವುದು ಸರಿಯಲ್ಲ.

ಪ್ರಮಾಣದ ಲೆಕ್ಕ

ಈ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಇಲ್ಲಿ. ‘ಲೇಸರ್ ಕೊಟ್ಟರು’ ಎನ್ನುವುದು ‘ಮಾತ್ರೆ ಕೊಟ್ಟರು’ ಎಂದಷ್ಟೇ ಅಸ್ಪಷ್ಟ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ?

ತರಂಗಾಂತರ ಗಾಯದ ತಳಕ್ಕೆ ಸಾಮಾನ್ಯವಾಗಿ 630ರಿಂದ 670 ನ್ಯಾನೊಮೀಟರ್ ಇರುತ್ತದೆ, ಅಂದರೆ ಕೆಂಪು ಬೆಳಕು. ಸ್ವಲ್ಪ ಆಳಕ್ಕೆ ಇಳಿಯಬೇಕಾದರೆ 780ರಿಂದ 860ರ ಅವಕೆಂಪು. ತೆರೆದ ಹುಣ್ಣಿನಲ್ಲಿ ಕೆಲಸ ಮಾಡಬೇಕಾದ ಕೋಶಗಳು ಮೇಲೇ ಇರುವುದರಿಂದ ಕೆಂಪು ಸಾಕಾಗುತ್ತದೆ.

ಶಕ್ತಿಯ ಲೆಕ್ಕ ಸುಲಭ. ವ್ಯಾಟ್ ಅನ್ನು ಸೆಕೆಂಡಿನಿಂದ ಗುಣಿಸಿದರೆ ಜೂಲ್. ಅದನ್ನು ಬೆಳಕು ಬಿದ್ದ ಜಾಗದ ಚದರ ಸೆಂ.ಮೀ.ನಿಂದ ಭಾಗಿಸಿದರೆ ಪ್ರಮಾಣ. ಗಾಯದ ತಳಕ್ಕೆ ಸಾಮಾನ್ಯವಾಗಿ ಬಳಸುವುದು ಚದರ ಸೆಂ.ಮೀ.ಗೆ 1ರಿಂದ 4 ಜೂಲ್.

ನಿಮ್ಮ ತಂದೆಯವರ ಹುಣ್ಣನ್ನೇ ತೆಗೆದುಕೊಳ್ಳೋಣ. 3 ಸೆಂ.ಮೀ., ಎರಡೂವರೆ ಸೆಂ.ಮೀ. ಇರುವ ಮೊಟ್ಟೆಯಾಕಾರದ ಹುಣ್ಣಿನ ತಳ ಸುಮಾರು 6 ಚದರ ಸೆಂ.ಮೀ., ಸುತ್ತಳತೆ ಸುಮಾರು 9 ಸೆಂ.ಮೀ. ಒಂದೊಂದು ಸೆಂ.ಮೀ.ಗೆ ಒಂದು ಚುಕ್ಕೆಯಂತೆ ತಳದಲ್ಲಿ 6, ಅಂಚಿನ ಸುತ್ತ 9, ಒಟ್ಟು 15 ಚುಕ್ಕೆ. ಬೆಳಕು ಬಿಡುವ ಹಿಡಿಕೆಯ, ಅಂದರೆ ಪ್ರೋಬ್‌ನ ಶಕ್ತಿ 100 ಮಿಲಿವ್ಯಾಟ್, ಬೆಳಕು ಹರಡುವ ಜಾಗ 1 ಚದರ ಸೆಂ.ಮೀ. ಎಂದುಕೊಳ್ಳಿ. ಪ್ರತಿ ಚುಕ್ಕೆಗೆ 30 ಸೆಕೆಂಡು ಹಿಡಿದರೆ 3 ಜೂಲ್. ಹದಿನೈದು ಚುಕ್ಕೆಗೆ ಏಳೂವರೆ ನಿಮಿಷ. ಅದೇ ಪ್ರೋಬನ್ನು ಗಾಯದ ಮೇಲೆ ಒಂದು ನಿಮಿಷ ಆಡಿಸಿ ‘ಆಯಿತು, ನಾಳೆ ಬನ್ನಿ’ ಎಂದರೆ ಒಟ್ಟು ಬಿದ್ದದ್ದು 6 ಜೂಲ್, 15 ಚದರ ಸೆಂ.ಮೀ.ಗೆ ಹಂಚಿದರೆ ಅರ್ಧ ಜೂಲ್ ಕೂಡ ಇಲ್ಲ. ಅಂಥ ಇಪ್ಪತ್ತು ಸಿಟ್ಟಿಂಗ್ ಮುಗಿದ ಮೇಲೆ ‘ಲೇಸರ್‌ನಿಂದ ಏನೂ ಆಗಲಿಲ್ಲ’ ಅನ್ನುತ್ತೇವೆ. ನಿಜದಲ್ಲಿ ಲೇಸರ್ ಸಿಕ್ಕೇ ಇರಲಿಲ್ಲ.

ಇದರ ತಿರುಗುಮುರುಗು ತಪ್ಪೂ ಇದೆ: ಬೇಗ ಮಾಯಲಿ ಎಂದು ಹೆಚ್ಚು ಕೊಡುವುದು. ಈ ಬೆಳಕಿಗೆ ಒಂದು ಹದ ಇದೆ. ಕಡಿಮೆಯಾದರೆ ಏನೂ ಆಗದು, ಹದಕ್ಕೆ ಬಿದ್ದರೆ ಚುರುಕು, ಮೀರಿದರೆ ಕೋಶ ಮಂಕಾಗುತ್ತದೆ. ಜೊಹಾನ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಧುಮೇಹದ ಸ್ಥಿತಿಯಲ್ಲಿಟ್ಟ, ಗೀರಿ ಗಾಯ ಮಾಡಿದ ಫೈಬ್ರೊಬ್ಲಾಸ್ಟ್ ಕೋಶಗಳಿಗೆ 632.8 ನ್ಯಾನೊಮೀಟರ್ ಬೆಳಕನ್ನು ಚದರ ಸೆಂ.ಮೀ.ಗೆ 5 ಜೂಲ್ ಕೊಟ್ಟಾಗ ಅವು ಚೇತರಿಸಿಕೊಂಡವು. 16 ಜೂಲ್ ಕೊಟ್ಟಾಗ ಹಾನಿಯಾಯಿತು. ಆದ್ದರಿಂದ ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೊಡಿಸಬೇಡಿ.

ಯಂತ್ರದ ಮೇಲೆ ಬರೆದ ಅಂಕಿ ಮೋಸ ಮಾಡುವ ಒಂದು ಸಂದರ್ಭವನ್ನು ಬಿಡಿಸಿ ಹೇಳಬೇಕು. 904 ನ್ಯಾನೊಮೀಟರ್‌ನ ಲೇಸರ್ ಮಿಡಿದು ಮಿಡಿದು ಬೆಳಕು ಬಿಡುತ್ತದೆ. ಲೇಬಲ್ ಮೇಲೆ ‘25 ವ್ಯಾಟ್’ ಎಂದಿರಬಹುದು. ಅದು ಆ ಒಂದು ಮಿಡಿತದ ತುದಿಯ ಶಕ್ತಿ. ಮಿಡಿತ ಇರುವುದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ 200 ಭಾಗದಷ್ಟು ಮಾತ್ರ, ಅಂದರೆ 200 ನ್ಯಾನೊಸೆಕೆಂಡು. ಸೆಕೆಂಡಿಗೆ 1000 ಮಿಡಿತ ಎಂದಾದರೆ ಸರಾಸರಿ ಶಕ್ತಿ 5 ಮಿಲಿವ್ಯಾಟ್. 3 ಜೂಲ್ ಬೀಳಲು ಹತ್ತು ನಿಮಿಷ ಬೇಕು. ಕ್ಲಿನಿಕ್‌ನಲ್ಲಿ ಕೇಳಬೇಕಾದದ್ದು ‘ಎಷ್ಟು ವ್ಯಾಟಿನ ಯಂತ್ರ’ ಎಂದಲ್ಲ. ‘ಸರಾಸರಿ ಶಕ್ತಿ ಎಷ್ಟು, ಚುಕ್ಕೆಯ ಜಾಗ ಎಷ್ಟು, ಚದರ ಸೆಂ.ಮೀ.ಗೆ ಎಷ್ಟು ಜೂಲ್ ಕೊಡುತ್ತೀರಿ’ ಎಂದು ಕೇಳಿ. ಗೊತ್ತಿರುವವರು ತಡವರಿಸದೆ ಹೇಳುತ್ತಾರೆ, ಕೇಸ್ ಶೀಟ್‌ನಲ್ಲಿ ಬರೆದೂ ಇಡುತ್ತಾರೆ. ಬೆಳಕು ಹುಟ್ಟಿಸುವ ಡಯೋಡ್ ಹಳೆಯದಾದಂತೆ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಪವರ್ ಮೀಟರ್‌ನಲ್ಲಿ ಅಳೆಸಿ ಎಷ್ಟು ದಿನ ಆಯಿತು ಎಂದೂ ಕೇಳಬಹುದು. ಪ್ರೋಬ್‌ನ ಗಾಜಿನ ಮೇಲೆ ಒಣಗಿದ ಮುಲಾಮಿನ ಪೊರೆ ಕೂತಿದ್ದರೂ ಬೆಳಕು ಕಡಿಮೆಯಾಗುತ್ತದೆ.

ಒಂದು ಸಿಟ್ಟಿಂಗ್ ಹೇಗೆ ನಡೆಯಬೇಕು

ಡ್ರೆಸ್ಸಿಂಗ್ ಪೂರ್ತಿ ಬಿಚ್ಚಬೇಕು. ಗಾಜ್ ಮೇಲಿಂದ ಲೇಸರ್ ಹಿಡಿಯುವುದು ಕಿಟಕಿ ಮುಚ್ಚಿ ಬಿಸಿಲು ಕಾಯಿಸಿದ ಹಾಗೆ. ನಾರ್ಮಲ್ ಸಲೈನ್‌ನಿಂದ ಗಾಯ ತೊಳೆದು, ಹಳದಿ ಲೋಳೆ ಇದ್ದರೆ ತೆಗೆದು, ಸುತ್ತಲಿನ ಚರ್ಮವನ್ನು ಒಣ ಗಾಜ್‌ನಿಂದ ಒತ್ತಿ ಒರೆಸಬೇಕು. ಬೆಟಾಡಿನ್‌ನ ಕಂದು ಬಣ್ಣ, ಸಿಲ್ವರ್ ಸಲ್ಫಾಡಯಾಜಿನ್‌ನ ಬಿಳಿ ಲೇಪ, ಅರಿಸಿನ, ಯಾವುದೇ ಮುಲಾಮು ತಳದಲ್ಲಿ ಉಳಿದಿದ್ದರೂ ಬೆಳಕು ಅಲ್ಲೇ ತಡೆಯುತ್ತದೆ. ಸತ್ತ ಚರ್ಮ ಹೆರೆದ ತಕ್ಷಣ ರಕ್ತ ಜಿನುಗುತ್ತಿದ್ದರೆ ಒತ್ತಿ ನಿಲ್ಲಿಸಿ ಆಮೇಲೆ ಶುರು ಮಾಡಬೇಕು, ಏಕೆಂದರೆ ರಕ್ತವೂ ಬೆಳಕು ಹೀರುತ್ತದೆ.

ಕೋಣೆಯಲ್ಲಿರುವ ಎಲ್ಲರಿಗೂ ಕನ್ನಡಕ: ಚಿಕಿತ್ಸೆ ಕೊಡುವವರಿಗೆ, ತಂದೆಯವರಿಗೆ, ಜೊತೆಗೆ ಹೋದ ನಿಮಗೆ. ಆ ಯಂತ್ರದ ತರಂಗಾಂತರಕ್ಕೆ ಹೊಂದುವ ಕನ್ನಡಕವೇ ಆಗಬೇಕು, ಅಂಕಿ ಅದರ ಮೇಲೇ ಬರೆದಿರುತ್ತದೆ. ತಂಪು ಕನ್ನಡಕ ಉಪಯೋಗಕ್ಕೆ ಬರದು. ಈ ಯಂತ್ರಗಳಲ್ಲಿ ಹೆಚ್ಚಿನವು 3ಬಿ ವರ್ಗದವು, ನೇರ ಕಣ್ಣಿಗೆ ಬಿದ್ದರೆ ಅಕ್ಷಿಪಟಲಕ್ಕೆ ಹಾನಿ. ಅವಕೆಂಪು ಇನ್ನೂ ಅಪಾಯಕಾರಿ, ಕಾಣಿಸದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಕನ್ನಡಕ ಕೊಡದ ಕ್ಲಿನಿಕ್‌ನಿಂದ ಎದ್ದು ಬನ್ನಿ.

ಪ್ರೋಬ್‌ಗೆ ಪ್ರತಿ ರೋಗಿಗೂ ಹೊಸ ತೆಳು ಪಾರದರ್ಶಕ ಹಾಳೆ ಸುತ್ತಬೇಕು. ಒಬ್ಬರ ಹುಣ್ಣಿನ ಸೋಂಕು ಇನ್ನೊಬ್ಬರಿಗೆ ದಾಟುವುದು ಇಲ್ಲಿಂದಲೇ. ಅಂಚಿನ ಗಾಯವಿಲ್ಲದ ಚರ್ಮದ ಮೇಲೆ ಪ್ರೋಬನ್ನು ಮೆಲ್ಲಗೆ ಊರಿ ಹಿಡಿಯಬಹುದು. ಗಾಯದ ತಳದ ಮೇಲೆ ಮುಟ್ಟಿಸದೆ, ಅರ್ಧ ಸೆಂ.ಮೀ.ನಷ್ಟು ಎತ್ತರದಲ್ಲಿ, ನೆಟ್ಟಗೆ ಹಿಡಿಯಬೇಕು. ಓರೆಯಾದರೆ ಬೆಳಕಿನ ಒಂದು ಪಾಲು ಒದ್ದೆ ಮೇಲ್ಮೈಯಿಂದ ಪುಟಿದು ಹೋಗುತ್ತದೆ, ದೂರವಾದರೆ ಹರಡಿ ಪ್ರಮಾಣ ಇಳಿಯುತ್ತದೆ. ಅಂಚನ್ನು ಎಂದೂ ಬಿಡಬಾರದು. ಹೊಸ ಚರ್ಮ ಹುಟ್ಟುವುದು ಅಲ್ಲಿಂದಲೇ. ಗಾಯ ಒಳ್ಳೆಯ ದಾರಿ ಹಿಡಿದಿದ್ದರೆ ತಳ ದಾಳಿಂಬೆ ಕಾಳಿನಂತೆ ಕೆಂಪಗೆ ಹರಳುಹರಳಾಗಿ, ಅಂಚಿನಲ್ಲಿ ನವಿರಾದ ತಿಳಿಗುಲಾಬಿ ಗೆರೆಯೊಂದು ಒಳಗೆ ಸರಿಯುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮುಗಿದ ಮೇಲೆ ಮಾಮೂಲಿ ಒದ್ದೆತನ ಕಾಯುವ ಡ್ರೆಸ್ಸಿಂಗ್. ಗಾಯವನ್ನು ‘ಗಾಳಿಗೆ ಒಣಗಲಿ’ ಎಂದು ತೆರೆದಿಡಬೇಡಿ. ವಾರಕ್ಕೆ ಮೂರು ಸಲ, ದಿನ ಬಿಟ್ಟು ದಿನ ಎಂಬುದು ಸಾಮಾನ್ಯ ಕ್ರಮ. ಕೆಲವರು ಮೊದಲ ಒಂದೆರಡು ವಾರ ದಿನಾ ಕೊಡುತ್ತಾರೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ‘ಹೈ ಪವರ್’ ಅಥವಾ 4ನೇ ವರ್ಗದ ಲೇಸರ್ ಎಂದು ಮಂಡಿನೋವು, ಸೊಂಟನೋವಿಗೆ ಬಳಸುವ ಯಂತ್ರಗಳಿವೆ. 10 ವ್ಯಾಟಿನ ಯಂತ್ರ ಒಂದು ಸೆಕೆಂಡಿಗೆ 10 ಜೂಲ್ ಸುರಿಯುತ್ತದೆ. ಕೈ ಆಡಿಸುತ್ತಲೇ ಇರಬೇಕು, ಒಂದು ಕಡೆ ನಿಂತರೆ ಸುಡುತ್ತದೆ. ಸ್ಪರ್ಶ ಇರುವ ರೋಗಿ ‘ಬಿಸಿ ಆಗ್ತಿದೆ’ ಎಂದು ಕಾಲು ಎಳೆದುಕೊಳ್ಳುತ್ತಾನೆ. ನಿಮ್ಮ ತಂದೆಯವರು ಹೇಳುವುದಿಲ್ಲ, ಅವರಿಗೆ ಗೊತ್ತೇ ಆಗುವುದಿಲ್ಲ. ಕಂದು ಚರ್ಮದ ಮೆಲನಿನ್ ಹೆಚ್ಚು ಬೆಳಕು ಹೀರುವುದರಿಂದ ಗಾಯದ ಸುತ್ತಲಿನ ಚರ್ಮ ಇನ್ನೂ ಬೇಗ ಕಾಯುತ್ತದೆ. ಅವರ ಪಾದಕ್ಕೆ ಆ ಯಂತ್ರ ಬೇಡ. ಫಿಸಿಯೊಥೆರಪಿಯಲ್ಲಿ ಬಳಸುವ ಕೆಂಪು ಬಲ್ಬಿನ ಇನ್‌ಫ್ರಾರೆಡ್ ದೀಪವೂ ಬೇಡ. ಹೆಸರು ಹತ್ತಿರ ಕೇಳಿಸಿದರೂ ಅದು ಶಾಖ ಕೊಡುವ ದೀಪ, ಜೋಮು ಹಿಡಿದ ಕಾಲಲ್ಲಿ ಬೊಬ್ಬೆ ಏಳಿಸುತ್ತದೆ.

ಲೇಸರ್ ಹಿಡಿಯಲೇಬಾರದ ಸಂದರ್ಭಗಳೂ ಇವೆ. ಕ್ಯಾನ್ಸರ್ ಇರುವ ಅಥವಾ ಶಂಕೆ ಇರುವ ಜಾಗದ ಮೇಲೆ ಕೂಡದು. ವರ್ಷಗಟ್ಟಲೆ ಮಾಯದೆ ಅಂಚು ಹೂಕೋಸಿನಂತೆ ಎದ್ದು ನಿಂತ ಹುಣ್ಣಿನಿಂದ ಮೊದಲು ಬಯಾಪ್ಸಿ ತೆಗೆಸಬೇಕು. ಗರ್ಭಿಣಿಯರ ಹೊಟ್ಟೆಯ ಮೇಲೆ ಕೂಡದು. ಡಾಕ್ಸಿಸೈಕ್ಲಿನ್‌ನಂಥ, ಬೆಳಕಿಗೆ ಚರ್ಮವನ್ನು ಸೂಕ್ಷ್ಮ ಮಾಡುವ ಔಷಧಿ ನಡೆಯುತ್ತಿದ್ದರೆ ಮೊದಲೇ ಹೇಳಿ. ತಂದೆಯವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ.

ಅಳತೆ ಇಡದೆ ಸಿಟ್ಟಿಂಗ್ ಎಣಿಸಬೇಡಿ

ಮೊದಲ ದಿನ, ದಡ್ಡು ಚರ್ಮ ಹೆರೆದು ಆದ ಮೇಲೆ ಅಳೆಯಿರಿ, ಮೊದಲಲ್ಲ. ಹೆರೆದ ಮೇಲೆ ಗಾಯ ದೊಡ್ಡದಾಗಿ ಕಾಣುತ್ತದೆ. ಅದೇ ನಿಜವಾದ ಗಾತ್ರ, ಹೆದರಬೇಡಿ. ಅತಿ ಉದ್ದದ ಗೆರೆ, ಅದಕ್ಕೆ ಅಡ್ಡಲಾಗಿ ಅತಿ ಅಗಲದ ಗೆರೆ, ಎರಡನ್ನೂ ಗುಣಿಸಿ ಬರೆದಿಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಂದೇ ದೂರದಿಂದ, ಒಂದೇ ಬೆಳಕಿನಲ್ಲಿ ವಾರಕ್ಕೊಂದು ಫೋಟೊ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ, ನಾಲ್ಕು ಫೋಟೊ ಸಾಲಾಗಿಟ್ಟರೆ ತಿಳಿಯುತ್ತದೆ.

ನಿಮ್ಮ ಲೆಕ್ಕದಲ್ಲಿ ಮೂರು ಗುಣಿಸು ಎರಡೂವರೆ ಏಳೂವರೆ. ನಾಲ್ಕು ವಾರದಲ್ಲಿ ಇದು ಮೂರೂಮುಕ್ಕಾಲಕ್ಕೆ, ಅಂದರೆ ಅರ್ಧಕ್ಕೆ ಇಳಿಯಬೇಕು. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದ ಪಾದದ ಹುಣ್ಣು ಹನ್ನೆರಡು ವಾರದಲ್ಲಿ ಮುಚ್ಚುವ ಸಾಧ್ಯತೆ ಬಹಳ ಕಡಿಮೆ. ವಾರಕ್ಕೆ ಮೂರರಂತೆ ಆಗ ನಿಮ್ಮ 12 ಸಿಟ್ಟಿಂಗ್ ಮುಗಿದಿರುತ್ತವೆ. ಉಳಿದ ಎಂಟಕ್ಕೆ ಹಣ ಕಟ್ಟಿದ್ದೇವಲ್ಲ ಎಂದು ಮುಂದುವರಿಸಬೇಡಿ. ರಕ್ತ ಸಂಚಾರ, ಮೂಳೆ, ಭಾರ ಈ ಮೂರನ್ನೂ ಮತ್ತೆ ಮೊದಲಿನಿಂದ ನೋಡಿಸಿ. ಹಾಗಾಗಿಯೇ ಇಪ್ಪತ್ತಕ್ಕೂ ಮುಂಗಡ ಕಟ್ಟಬೇಡಿ, ವಾರವಾರಕ್ಕೆ ಕೊಡುತ್ತೇವೆ ಎನ್ನಿ.

ಮನೆಯ ಸಾಧನದ ಮಾತು

ಕೈಗೆ, ಮೂಗಿಗೆ ಹಾಕಿಕೊಳ್ಳಲು, ಟಾರ್ಚಿನಂತೆ ಹಿಡಿಯಲು ಮಾರುವ 650 ನ್ಯಾನೊಮೀಟರ್‌ನ ಸಾಧನಗಳಲ್ಲಿ ಅನೇಕವು 5 ಮಿಲಿವ್ಯಾಟಿನವು. 3 ಜೂಲ್ ಬೀಳಲು ಒಂದು ಚುಕ್ಕೆಗೆ ಹತ್ತು ನಿಮಿಷ, ಹದಿನೈದು ಚುಕ್ಕೆಗೆ ಎರಡೂವರೆ ಗಂಟೆ. ಯಾರೂ ಅಷ್ಟು ಹೊತ್ತು ನೆಟ್ಟಗೆ ಹಿಡಿಯಲಾರರು. ಹೆಚ್ಚು ಶಕ್ತಿಯದು ತರಿಸಿದರೆ ಕಣ್ಣಿನ ಅಪಾಯ, ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ. ಲೇಸರ್ ಬದಲು ಎಲ್‌ಇಡಿ ಬೆಳಕು ಆಗುತ್ತದೆಯೇ ಎಂದರೆ, ತರಂಗಾಂತರ ಮತ್ತು ಪ್ರಮಾಣ ಒಂದೇ ಆಗಿದ್ದರೆ ಎಲ್‌ಇಡಿ ಕೂಡ ಕೆಲಸ ಮಾಡಬಲ್ಲದು. ಚರ್ಮದೊಳಗೆ ಹೋದ ಮೇಲೆ ಲೇಸರ್ ಕಿರಣವೂ ಚದುರಿಹೋಗುತ್ತದೆ. ಆದರೆ ಮನೆಗೆ ಮಾರುವ ಫಲಕಗಳಲ್ಲಿ ಆ ಎರಡು ಅಂಕಿಗಳನ್ನು ನಂಬುವಂತೆ ಅಳೆದು ಬರೆದಿರುವುದು ಅಪರೂಪ. ಆ ಹಣದಲ್ಲಿ ಪಾದದ ಭಾರ ಇಳಿಸುವ ಬೂಟು ಕೊಳ್ಳಿ.

ಗಾಯ ಮುಚ್ಚಿದ ಮೇಲೆ ಅದೇ ಜಾಗ ಮತ್ತೆ ತೆರೆದುಕೊಳ್ಳುವುದು ಬಹಳ ಸಾಮಾನ್ಯ. ಹಿಂದೆ ಪಟ್ಟಿ ಇರುವ ಎಂ.ಸಿ.ಆರ್. ಚಪ್ಪಲಿಯನ್ನು ಅಳತೆ ಕೊಟ್ಟು ಮಾಡಿಸಿ. ಮೆತ್ತನೆಯ ಆ ರಬ್ಬರಿನ ಪಾದರಕ್ಷೆ ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಪಾದಕ್ಕೂ ಇದೇ ಕಾರಣಕ್ಕೆ ಕೊಡುವಂಥದ್ದು. ಬೆರಳ ಸಂದಿಯಲ್ಲಿ ಕೂರುವ ಹವಾಯಿ ಚಪ್ಪಲಿ ಬೇಡ, ಕಾಲಿಂದ ಜಾರಿದರೂ ಅವರಿಗೆ ಗೊತ್ತಾಗದು.

ಈಗ ತಕ್ಷಣಕ್ಕೆ: ತಂದೆಯವರಿಗೆ ಜ್ವರ, ಚಳಿ ಬಂದರೆ, ಪಾದದ ಕೆಂಪು ಕಣಕಾಲಿನತ್ತ ಏರಿದರೆ, ಬೆರಳು ಕಪ್ಪಾದರೆ, ಅಥವಾ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಶುಗರ್ ಇದ್ದಕ್ಕಿದ್ದಂತೆ ಏರಿ ಇಳಿಯದಿದ್ದರೆ ಮುಂದಿನ ಸಿಟ್ಟಿಂಗ್‌ವರೆಗೆ ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಸರ್ಜನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೋವಿಲ್ಲ ಎಂದು ಅವರು ಹೇಳಿದರೂ ಹೋಗಿ.